ಬಿಸಿ ತಾಗಿಸದೆ ಕೂದಲಿಗೆ ಗುಂಗುರು

ಮದುವೆ, ನಾಮಕರಣ, ಸಂಘದ ವಾರ್ಷಿಕೋತ್ಸವ ಬಂತೆಂದರೆ ನೆಟ್ಟನೆಯ ಕೂದಲಿನ ಸೋದರಿಯರಿಗೆ ಒಂದು ದಿನವಾದರೂ ಅದು ಗುಂಗುರಾಗಿರಲಿ ಎಂಬ ಆಸೆ ಹುಟ್ಟುವುದು ಸಹಜ. ಪಾರ್ಲರಿಗೆ ಹೋಗೋಣವೆಂದರೆ ತಿಂಗಳ ಕೊನೆಯಲ್ಲಿ ಕೈ ಹಿಡಿತ. ಕಾಯುವ ಇಕ್ಕುಳವನ್ನೇ ಕೊಂಡು ತರೋಣವೆಂದರೆ ಅದರ ಶಾಖ ಸಾಮಾನ್ಯವಾಗಿ 150ರಿಂದ 230 ಡಿಗ್ರಿ ಸೆಲ್ಸಿಯಸ್. ನೀರು ಕುದಿಯುವುದು 100 ಡಿಗ್ರಿಗೆ. ಮೇಲಿಂದ ಮೇಲೆ ಅಷ್ಟು ಬಿಸಿ ತಾಗಿದ ಕೂದಲು ಒರಟಾಗಿ, ತುದಿ ಸೀಳಿ, ತುಂಡಾಗುತ್ತದೆ. ಆದರೆ ಗುಂಗುರಿಗೆ ಬಿಸಿ ಬೇಕೇಬೇಕೆಂದಿಲ್ಲ. ನೀರು, ಹಳೆಯ ಬಟ್ಟೆ ಮತ್ತು ಒಂದು ರಾತ್ರಿಯ ತಾಳ್ಮೆ ಇದ್ದರೆ ಸಾಕು. ಹೇಗೆಂಬುದನ್ನು ಈ ಪಾಠದಲ್ಲಿ ನೋಡೋಣ.

ಕಾರಣ

ಒಗೆದ ಪಂಚೆಯನ್ನು ಹಿಂಡಿ, ಬಿಡಿಸದೆ ಹಾಗೆಯೇ ಒಣಗಲು ಬಿಟ್ಟರೆ ಏನಾಗುತ್ತದೆ? ಹಿಂಡಿದ ಸುಕ್ಕುಗಳೆಲ್ಲ ಅದರಲ್ಲಿ ನಿಂತುಬಿಡುತ್ತವೆ. ಮತ್ತೆ ನೀರು ಸೋಕುವವರೆಗೆ ಅವು ಪೂರ್ತಿ ಹೋಗುವುದಿಲ್ಲ. ಕೂದಲಿನಲ್ಲಿಯೂ ನಡೆಯುವುದು ಹೆಚ್ಚುಕಡಿಮೆ ಇದೇ.

ಕೂದಲು ಕೆರಾಟಿನ್ ಎಂಬ ಪದಾರ್ಥದಿಂದ ಆದುದು. ನಮ್ಮ ಉಗುರು, ಕುರಿಯ ಉಣ್ಣೆ ಇವುಗಳಲ್ಲಿಯೂ ಇರುವುದು ಅದೇ. ಅದರೊಳಗಿನ ಸೂಕ್ಷ್ಮ ಸರಪಣಿಗಳನ್ನು ಒಂದಕ್ಕೊಂದು ಕಟ್ಟಿರುವ ಬಂಧಗಳಲ್ಲಿ ಎರಡು ಬಗೆ ನಮಗೆ ಮುಖ್ಯ. ಗಂಧಕದ ಬಂಧ ಗಟ್ಟಿಯಾದುದು. ಅದು ನೀರಿಗೆ ಜಗ್ಗದು. ಹೈಡ್ರೋಜನ್ ಬಂಧ ದುರ್ಬಲವಾದುದು. ನೀರು ಸೋಕಿದರೆ ಬಿಡುತ್ತದೆ, ಒಣಗಿದರೆ ಮತ್ತೆ ಕೂಡುತ್ತದೆ. ಒಣಗುವಾಗ ಕೂದಲು ಯಾವ ಆಕಾರದಲ್ಲಿದೆಯೋ ಆ ಆಕಾರದಲ್ಲಿಯೇ ಕೂಡುತ್ತದೆ. ನಮ್ಮ ವಿದ್ಯೆಯೆಲ್ಲ ಇಷ್ಟೇ: ಒದ್ದೆಯಾಗಿರುವಾಗ ಸುತ್ತಬೇಕು, ಪೂರ್ತಿ ಒಣಗಿದ ಮೇಲೆ ಬಿಚ್ಚಬೇಕು.

ಸಿದ್ಧತೆ

ಸಂಜೆ ತಲೆಗೆ ಸ್ನಾನ ಮಾಡಿ, ಟವೆಲಿನಿಂದ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಒದ್ದೆ ಕೂದಲು ಎಳೆತಕ್ಕೆ ಬೇಗ ಸೋಲುತ್ತದೆ. ಆದುದರಿಂದ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ, ಆಮೇಲೆ ಮೇಲಕ್ಕೆ ಹೋಗಿರಿ. ಎಣ್ಣೆ ಹಚ್ಚಬೇಡಿ; ಎಣ್ಣೆಯ ಭಾರಕ್ಕೆ ಗುಂಗುರು ಜೋತುಬೀಳುತ್ತದೆ.

ಬಳಿಕ ಫ್ಯಾನಿನ ಗಾಳಿಗೆ ಕುಳಿತು ಮುಕ್ಕಾಲು ಪಾಲು ಒಣಗಿಸಿಕೊಳ್ಳಬೇಕು. ಹೊಸಬರು ತಪ್ಪುವುದು ಇಲ್ಲಿಯೇ. ನೀರು ತೊಟ್ಟಿಕ್ಕುವ ಕೂದಲನ್ನು ಬಿಗಿದು ಕಟ್ಟಿದರೆ ಬೆಳಗಾದರೂ ಒಳಗೆ ಹಸಿಯೇ ಇರುತ್ತದೆ. ಅದನ್ನು ಬಿಚ್ಚಿಕೊಂಡು ಹೊರಟರೆ, ರೈಲು ನಿಲ್ದಾಣ ಮುಟ್ಟುವಷ್ಟರಲ್ಲಿ ಕೂದಲು ಮತ್ತೆ ನೆಟ್ಟಗಾಗಿ, ರಾತ್ರಿಯ ಶ್ರಮ ದಂಡವಾಗುತ್ತದೆ.

ಗುಂಗುರು ಬೇಗ ಜಾರುವ ನಯವಾದ ಕೂದಲಿಗೆ ಅಗಸೆಬೀಜದ ಲೋಳೆ ಒಳ್ಳೆಯದು. ಉತ್ತರ ಕರ್ನಾಟಕದವರ ಮನೆಯಲ್ಲಿ ಚಟ್ನಿಪುಡಿಗೆಂದು ಇಟ್ಟಿರುವ ಅಗಸಿಯೇ ಆಗುತ್ತದೆ. ಆದರೆ ಹುರಿಯದ ಬೀಜವಿರಬೇಕು. ಎರಡು ದೊಡ್ಡ ಚಮಚ ಬೀಜವನ್ನು ಒಂದು ಲೋಟ ನೀರಿನಲ್ಲಿ ಕುದಿಸಿ, ಮೊಟ್ಟೆಯ ಬಿಳಿಯಂತೆ ಲೋಳೆಯಾದೊಡನೆ ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿರಿ. ಆರಿದರೆ ಗಟ್ಟಿಯಾಗಿ ಸೋಸಲು ಬಾರದು. ಚೆನ್ನಾಗಿ ತಣ್ಣಗಾದ ಮೇಲೆ ಸ್ವಲ್ಪವೇ ಸವರಿದರೆ ಸಾಕು. ಇದು ಬೇಗ ಹಳಸುವುದರಿಂದ ಆಗಿನದನ್ನು ಆಗಲೇ ಮಾಡಿಕೊಳ್ಳುವುದು ಲೇಸು.

ಮೂರು ವಿಧಾನಗಳು

1. ಜಡೆ: ಅಲೆಯಂಥ ಗುಂಗುರಿಗೆ ಇದು ಎಲ್ಲಕ್ಕಿಂತ ಸುಲಭ. ಎರಡು ಜಡೆ ಹಾಕಿದರೆ ದೊಡ್ಡ ಅಲೆ, ಆರೆಂಟು ಹಾಕಿದರೆ ಸಣ್ಣ ಅಲೆ. ಜಡೆಯ ತುದಿಯನ್ನು ಬಟ್ಟೆಯ ಚೂರಿಗೆ ಸುತ್ತಿ ಕಟ್ಟಿರಿ. ಇಲ್ಲದಿದ್ದರೆ ತುದಿ ಮಾತ್ರ ಪೊರಕೆಯ ಕಡ್ಡಿಯಂತೆ ನೆಟ್ಟಗೆ ಉಳಿಯುತ್ತದೆ.

2. ಬಟ್ಟೆಯ ಪಟ್ಟಿ: ಸುರುಳಿಯಂಥ ಗುಂಗುರು ಬೇಕೆನ್ನುವವರಿಗೆ ಇದು. ಹಳೆಯ ಹತ್ತಿಬಟ್ಟೆಯನ್ನು ಎರಡು ಅಂಗುಲ ಅಗಲ, ಒಂದು ಗೇಣು ಉದ್ದದ ಪಟ್ಟಿಗಳಾಗಿ ಹರಿದುಕೊಳ್ಳಿ. ಒಂದು ಎಳೆ ಕೂದಲಿನ ತುದಿಯನ್ನು ಪಟ್ಟಿಯ ನಡುವೆ ಇಟ್ಟು, ಬುಡದವರೆಗೆ ಸುತ್ತುತ್ತ ಹೋಗಿ, ಪಟ್ಟಿಯ ಎರಡು ಕೊನೆಗಳನ್ನು ಗಂಟು ಹಾಕಿರಿ. ಎಳೆ ತೆಳುವಾದಷ್ಟೂ ಸುರುಳಿ ಸಣ್ಣದು.

3. ಪಿನ್ನು: ಗಿಡ್ಡ ಕೂದಲಿನವರಿಗೆ, ನಾಟಕದಲ್ಲಿ ವೇಷ ಹಾಕುವ ಗಂಡಸರಿಗೂ ಇದು ಅನುಕೂಲ. ಸಣ್ಣ ಎಳೆಯನ್ನು ಬೆರಳಿಗೆ ಸುತ್ತಿ, ಉಂಗುರ ಮಾಡಿ, ತಲೆಗೆ ಒತ್ತಿ ಎರಡು ಪಿನ್ನು ಅಡ್ಡಡ್ಡ ಸಿಕ್ಕಿಸಿರಿ.

ಬಿಚ್ಚುವ ಕ್ರಮ

ಬೆಳಿಗ್ಗೆ ಒಂದೇ ಒಂದು ಗಂಟು ಬಿಚ್ಚಿ ಮುಟ್ಟಿ ನೋಡಿರಿ. ತಣ್ಣಗಿದ್ದರೆ ಹಸಿ ಇನ್ನೂ ಇದೆಯೆಂದು ಅರ್ಥ; ಅದನ್ನು ಮತ್ತೆ ಕಟ್ಟಿ ಫ್ಯಾನಿನ ಕೆಳಗೆ ಕುಳಿತುಕೊಳ್ಳಿ. ಪೂರ್ತಿ ಒಣಗಿದ್ದರೆ ಎಲ್ಲವನ್ನೂ ಬಿಚ್ಚಿ ಬೆರಳಿನಿಂದಲೇ ಬಿಡಿಸಿರಿ. ಬಾಚಣಿಗೆ ಹಾಕಿದರೆ ಗುಂಗುರು ಒಡೆದು ಹತ್ತಿಯಂತೆ ಅರಳುತ್ತದೆ. ಅಂಗೈಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು ಮೇಲೆ ಮೇಲೆ ಒತ್ತಿದರೆ ಹಾರುವ ಕೂದಲು ಕೂರುತ್ತದೆ.

ಊರಿಗೆ ತಕ್ಕಂತೆ

ಗಾಳಿಯಲ್ಲಿನ ತೇವವೂ ನೀರೇ. ಮುಂಬಯಿ, ಚೆನ್ನೈಗಳ ಸಮುದ್ರದ ಗಾಳಿಯಲ್ಲಿ ಗುಂಗುರು ಬೇಗ ಸಡಿಲವಾಗುತ್ತದೆ. ಮಳೆಗಾಲದಲ್ಲಂತೂ ಕಟ್ಟಿದ ಕೂದಲು ಒಣಗುವುದೇ ತಡ. ಅಂಥ ಕಡೆ ಎಳೆಗಳನ್ನು ತೆಳುವಾಗಿ ತೆಗೆದು, ಹೊರಡುವ ಹೊತ್ತಿಗೆ ಬಿಚ್ಚುವುದು ಮೇಲು. ಹೈದರಾಬಾದಿನ ಬೇಸಿಗೆಯ ಒಣ ಗಾಳಿಯಲ್ಲಿ ಬೇಗ ಒಣಗಿ, ಹೆಚ್ಚು ಹೊತ್ತು ನಿಲ್ಲುತ್ತದೆ.

ಎಚ್ಚರಿಕೆ

ಕಟ್ಟು ಬಿಗಿಯಾದಷ್ಟೂ ಗುಂಗುರು ಚೆನ್ನ ಎಂಬುದು ತಪ್ಪು ತಿಳಿವಳಿಕೆ. ಆಕಾರ ಕೊಡುವುದು ಸುತ್ತು, ಎಳೆತವಲ್ಲ. ಹಣೆಯ ಅಂಚು, ಕಪೋಲದ ಮೇಲಿನ ಕೂದಲನ್ನು ದಿನವೂ ಜಗ್ಗಿ ಕಟ್ಟುತ್ತಿದ್ದರೆ ಅಲ್ಲಿ ಕೂದಲು ತೆಳುವಾಗುತ್ತದೆ. ಬಹುಕಾಲ ಹೀಗೆಯೇ ನಡೆದರೆ ಬೇರು ಹಾಳಾಗಿ ಮತ್ತೆ ಬೆಳೆಯದೆಯೂ ಹೋಗಬಹುದು. ಕಟ್ಟಿದ ಮೇಲೆ ಬುಡದಲ್ಲಿ ನೋವಾದರೆ ಆ ಕೂಡಲೇ ಸಡಿಲಿಸಿರಿ.

ಇನ್ನೊಂದು ಮಾತು. ಸಮಾರಂಭದ ಹಿಂದಿನ ರಾತ್ರಿಯೇ ಮೊದಲ ಪ್ರಯೋಗ ಬೇಡ. ಒಂದೆರಡು ವಾರ ಮುಂಚೆ, ರಜೆಯ ದಿನ ಮಾಡಿ ನೋಡಿ, ನಿಮ್ಮ ಕೂದಲು ಒಣಗಲು ಎಷ್ಟು ಗಂಟೆ ಬೇಕೆಂದು ತಿಳಿದುಕೊಳ್ಳಿ. ಇಷ್ಟಾದರೂ ಮುಂದಿನ ಸ್ನಾನಕ್ಕೆ ಗುಂಗುರು ಹೋಗಿಬಿಡುತ್ತದೆ, ನಿಜ. ಆದರೆ ಕೂದಲು ಕೆಡದೆ ಮೊದಲಿನಂತೆಯೇ ಉಳಿಯುತ್ತದೆ. ಇಕ್ಕುಳಕ್ಕಿಂತ ಈ ವಿಧಾನ ಮೇಲೆನ್ನುವುದು ಈ ಕಾರಣಕ್ಕೆ.