ಆದಿಮಾನವನ ಕಿರುಬೆರಳು

ಹಿಡಿಗಾತ್ರದ ಉರುಟು ಕಲ್ಲೊಂದನ್ನು ಕೈಗೆ ತೆಗೆದುಕೊಳ್ಳಿ. ಅಂಗೈಗೆ ತಾಗದಂತೆ ಬೆರಳುಗಳಿಂದಲೇ ಅದನ್ನು ಹಿಡಿದು, ಏನನ್ನೋ ಕುಟ್ಟುವವರಂತೆ ಕೈ ಬೀಸಿ ನೋಡಿ. ಕಲ್ಲು ಜಾರದಂತೆ ತಡೆಯುವ ಬೆರಳು ಯಾವುದು? ಹೆಬ್ಬೆರಳು, ತೋರುಬೆರಳು ಎಂದು ಒಡನೆಯೇ ಹೇಳುವಿರಿ. ಕಿರುಬೆರಳಿನ ನೆನಪು ಯಾರಿಗೂ ಬಾರದು.

ಇಥಿಯೋಪಿಯದ ಗೋನಾ ಎಂಬಲ್ಲಿ ದೊರೆತ ಕಲ್ಲಿನ ಆಯುಧಗಳು ಸುಮಾರು 26 ಲಕ್ಷ ವರ್ಷ ಹಳೆಯವು. ಕಲ್ಲು ಉಳಿಯುತ್ತದೆ, ಒಮ್ಮೊಮ್ಮೆ ಮೂಳೆಯೂ ಉಳಿಯುತ್ತದೆ. ಸ್ನಾಯು ಮತ್ತು ಮಿದುಳು ಮಾತ್ರ ಮಣ್ಣಾಗಿಹೋಗುತ್ತವೆ. ಟಾಂಜಾನಿಯದ ಓಲ್ಡುವಾಯಿ ಕಮರಿಯಲ್ಲಿ ಸಿಕ್ಕ ಅವಶೇಷಗಳಿಗೆ 1964ರಲ್ಲಿ ಲೀಕಿ, ಟೋಬಿಯಾಸ್, ನೇಪಿಯರ್ ಎಂಬ ಮೂವರು ‘ಹೋಮೋ ಹ್ಯಾಬಿಲಿಸ್’, ಅಂದರೆ ಕುಶಲ ಮಾನವ, ಎಂದು ಹೆಸರಿಟ್ಟರು. ಅವುಗಳಲ್ಲಿ ಕೈಯ ಮೂಳೆಗಳೂ ಇದ್ದವು. ಆದರೆ ಮೂಳೆಯ ಯಾವ ಲಕ್ಷಣವನ್ನು ಕಂಡು ‘ಇದು ಕಲ್ಲು ಕೆತ್ತಿದ ಕೈ’ ಎನ್ನಬೇಕು?

ಉತ್ತರಕ್ಕಾಗಿ ಜೀವಂತ ಕೈಗಳನ್ನೇ ಪರೀಕ್ಷಿಸಬೇಕಾಯಿತು. ಸ್ನಾಯು ಸಂಕುಚಿಸುವಾಗ ಅದರಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. ವಿದ್ಯುದಗ್ರಗಳ ಮೂಲಕ ಅದನ್ನು ಗುರುತಿಸಿಕೊಳ್ಳಬಹುದು. ಮೇರಿ ಮಾರ್ಝ್ಕಿ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂವರು ಒಂದು ಕೈಯಲ್ಲಿ ಕುಟ್ಟುಗಲ್ಲನ್ನೂ ಇನ್ನೊಂದರಲ್ಲಿ ಕೆತ್ತಬೇಕಾದ ಕಲ್ಲನ್ನೂ ಹಿಡಿದು ಚಕ್ಕೆ ಎಬ್ಬಿಸುತ್ತಿದ್ದಾಗ ಕೈಯ 17 ಸ್ನಾಯುಗಳ ಚಟುವಟಿಕೆಯನ್ನು ದಾಖಲಿಸಲಾಯಿತು. ಅವರಲ್ಲಿ ಇಬ್ಬರು ಈ ಕೆಲಸದಲ್ಲಿ ನುರಿತ ಪುರಾತತ್ತ್ವಜ್ಞರು. ಬಲವಾದ ಹಿಡಿತಕ್ಕೆ ಮತ್ತೆಮತ್ತೆ ದುಡಿದವು ಹೆಬ್ಬೆರಳು-ತೋರುಬೆರಳುಗಳ ಬಳಿಯ ಸ್ನಾಯುಗಳು. ಅವುಗಳೊಡನೆ ಕಿರುಬೆರಳಿನ ಸ್ನಾಯುಗಳು! ಇವು ತೋಳಿನಿಂದ ಇಳಿದು ಬಂದವಲ್ಲ, ಹಸ್ತದೊಳಗೇ ಇರುವ ಪುಟ್ಟ ಸ್ನಾಯುಗಳು.

ಮಿದುಳಿನ ಪರೀಕ್ಷೆ ಇಷ್ಟು ಸುಲಭವಲ್ಲ. ಯಂತ್ರದೊಳಗೆ ಅಲುಗಾಡದೆ ಮಲಗಿದವನು ಕಲ್ಲು ಒಡೆಯುವುದೆಂತು? ಇದಕ್ಕೊಂದು ಸೊಗಸಾದ ಉಪಾಯವುಂಟು. ವಿಕಿರಣಶೀಲ ಫ್ಲೋರಿನ್ ಸೇರಿಸಿದ, ಗ್ಲೂಕೋಸನ್ನು ಹೋಲುವ ವಸ್ತುವೊಂದನ್ನು ರಕ್ತಕ್ಕೆ ಸೇರಿಸುತ್ತಾರೆ. ಹೆಚ್ಚು ದುಡಿಯುವ ಜೀವಕೋಶಗಳು ಅದನ್ನು ಹೆಚ್ಚಾಗಿ ಹೀರಿಕೊಂಡು ತಮ್ಮಲ್ಲೇ ಇರಿಸಿಕೊಳ್ಳುತ್ತವೆ. ಅದರ ವಿಕಿರಣ ಅರ್ಧಕ್ಕಿಳಿಯಲು ಸುಮಾರು 110 ನಿಮಿಷ ಬೇಕು. ಆದುದರಿಂದ ಮೊದಲು ಕುಳಿತು ಕಲ್ಲು ಕೆತ್ತಿ, ಅನಂತರ ಯಂತ್ರದಲ್ಲಿ ಮಲಗಿದರೂ ಚಿತ್ರ ಸಿಕ್ಕುತ್ತದೆ. ಡೀಟ್ರಿಚ್ ಸ್ಟೌಟ್ ಮತ್ತು ಸಂಗಡಿಗರು ಹೀಗೆ ಪರೀಕ್ಷಿಸಿ 2008ರಲ್ಲಿ ವರದಿಮಾಡಿದಂತೆ, ಬರಿಯ ಚಕ್ಕೆ ತೆಗೆಯುವುದಕ್ಕಿಂತ ಕೈಗೊಡಲಿಯನ್ನು ರೂಪಿಸುವಾಗ ಬಲ ಮಿದುಳಿನ ಮುಂಭಾಗದ ಕೆಳಗಿನ ಮಡಿಕೆ ಹೆಚ್ಚು ಚುರುಕಾಗಿತ್ತು. ಎಡಬದಿಯಲ್ಲಿ ಇದಕ್ಕೆ ಸಮನಾದ ಭಾಗವೇ ಮಾತಿಗೆ ಸಂಬಂಧಿಸಿದ ಬ್ರೋಕಾ ಪ್ರದೇಶ. ಹೀಗಾಗಿ ಮಾತೂ ಕೈಗೆಲಸವೂ ಜೊತೆಯಾಗಿ ಬೆಳೆದವೇ ಎಂಬ ಚರ್ಚೆಗೆ ಬಲ ಬಂದಿತು.

ಕೈಗೊಡಲಿ ನಮಗೆ ದೂರದ ವಸ್ತುವಲ್ಲ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಹಾಸುಗಳಿಂದ ಅದನ್ನು ತಯಾರಿಸಿದ ನೆಲೆಯೇ ಇದೆ. ಎರಡೂ ಮಗ್ಗುಲಲ್ಲಿ ಕೆತ್ತಿ ಅಂಚು ಹೊಂದಿಸಬೇಕಾದುದರಿಂದ, ಮುಂದಿನ ಪೆಟ್ಟನ್ನು ಮೊದಲೇ ಎಣಿಸಿಕೊಂಡಿರಬೇಕು. 2017ರಲ್ಲಿ ಶೆಲ್ಬಿ ಪಟ್ ಮತ್ತು ಸಂಗಡಿಗರು, ಈ ಕೆಲಸವನ್ನು ಹೊಸದಾಗಿ ಕಲಿತ 31 ಮಂದಿಯ ಮಿದುಳನ್ನು ತಲೆಬುರುಡೆಯ ಮೂಲಕ ಹಾಯುವ ಅತಿಕೆಂಪು ಬೆಳಕಿನಿಂದ ಪರೀಕ್ಷಿಸಿದರು. ಕಂಡುದನ್ನು ಮನಸ್ಸಿನಲ್ಲಿ ಹಿಡಿದಿಡುವ ಭಾಗಗಳು ಕೈಗೊಡಲಿಯ ಕೆಲಸದಲ್ಲಿ ತೊಡಗಿದ್ದುದು ಅವರಿಗೂ ಕಂಡಿತು.

ಇಲ್ಲೊಂದು ಆಕ್ಷೇಪಣೆಯನ್ನು ಎತ್ತಲೇಬೇಕು. ಪರೀಕ್ಷೆಗೆ ಒಳಗಾದುದು ಇಂದಿನ ಮಿದುಳು. ಹೋಮೋ ಹ್ಯಾಬಿಲಿಸನ ಮಿದುಳು ಗಾತ್ರದಲ್ಲಿ ನಮ್ಮದರ ಅರ್ಧದಷ್ಟು. ಅದೇ ಕೆಲಸವನ್ನು ಅದು ಬೇರೆ ಬಗೆಯಲ್ಲಿ ಮಾಡಿದ್ದಿರಬಹುದು. ಕೈಯ ವಿಷಯದಲ್ಲಿ ನೆಲೆ ಇನ್ನಷ್ಟು ಗಟ್ಟಿ: ಕಿರುಬೆರಳಿನ ಬುಡದ ಮೂಳೆಯೊಂದು ದೊರೆತರೆ, ಸ್ನಾಯುವಿನ ಸೆಳೆತ ಅದರ ಮೇಲೆ ಬಿಟ್ಟ ಗುರುತನ್ನು ಅಳೆದು ನೋಡಬಹುದು.