ಫಾರ್ಮ್ಯಾಟ್ ಮಾಡುವ ಮುನ್ನ: ಹಳೇ ಎಕ್ಸ್‌ಪಿಯಲ್ಲಿ ಪಾಠದ ಸಾಫ್ಟ್‌ವೇರ್ ಓಡಿಸೋದು ಹೇಗೆ?



ಸೆಮಿಸ್ಟರ್ ರಜೆಗೆ ಊರಿಗೆ ಹೋದರೆ ನಮ್ಮಂಥವರಿಗೆ ಒಂದು ಕೆಲಸ ಕಾದೇ ಇರುತ್ತೆ. "ಇಂಜಿನಿಯರಿಂಗ್ ಓದ್ತಿದೀಯಲ್ಲಪ್ಪಾ, ಈ ಕಂಪ್ಯೂಟರ್ ಸ್ವಲ್ಪ ನೋಡು" ಅನ್ನೋದು. ಈ ಸಲ ಹಾಗೆ ಕರೆದವರು ನಾನು ಓದಿದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಲ್ಯಾಬಿನಲ್ಲಿ ನಾಲ್ಕು ಕಂಪ್ಯೂಟರ್, ನಾಲ್ಕರಲ್ಲೂ ವಿಂಡೋಸ್ ಎಕ್ಸ್‌ಪಿ. ಒಂದರಲ್ಲೂ ಪಾಠದ ಸಾಫ್ಟ್‌ವೇರ್ ಸರಿಯಾಗಿ ಓಡುತ್ತಿರಲಿಲ್ಲ.

ನಾನು ಕೂತು ಐದು ನಿಮಿಷ ನೋಡಿ, "ಫಾರ್ಮ್ಯಾಟ್ ಮಾಡಿಬಿಡೋಣ ಸಾರ್" ಅಂದೆ. ಮೇಷ್ಟ್ರ ಮುಖ ಸಪ್ಪಗಾಯಿತು. "ಹನ್ನೆರಡು ವರ್ಷದ ಪ್ರಶ್ನೆಪತ್ರಿಕೆ, ನೋಟ್ಸ್ ಎಲ್ಲಾ ಅದರಲ್ಲೇ ಇದೆಯಲ್ಲೋ" ಅಂದರು. ಎಲ್ಲವೂ ನುಡಿಯಲ್ಲಿ ಟೈಪ್ ಮಾಡಿದ್ದು, ಡೆಸ್ಕ್‌ಟಾಪಿನ ಮೇಲೇ ಇಟ್ಟಿದ್ದು. ಬೇರೆಲ್ಲೂ ಒಂದು ನಕಲು ಇರಲಿಲ್ಲ. ಅವರು ಆ ಮಾತು ಹೇಳದೇ ಇದ್ದಿದ್ದರೆ ನಾನು ಅಷ್ಟನ್ನೂ ಅಳಿಸಿಹಾಕಿರುತ್ತಿದ್ದೆ. ಆಮೇಲೆ ಎರಡು ದಿನ ಕೂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಕಲು

ಯಾವ ಸೆಟ್ಟಿಂಗನ್ನೂ ಮುಟ್ಟುವ ಮುಂಚೆ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಇಲ್ಲೊಂದು ತೊಡಕಿದೆ. 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ವಿಧಾನದಲ್ಲಿ ಬರುತ್ತವೆ. ಎಕ್ಸ್‌ಪಿಗೆ ಬೇರೆ ಅಪ್‌ಡೇಟ್ ಹಾಕದೆ ಅದನ್ನು ಓದಲು ಬರೋಲ್ಲ. ಫ್ಯಾಟ್32 ಆಗಿರುವ ಚಿಕ್ಕ ಪೆನ್‌ಡ್ರೈವ್ ಒಯ್ಯಿರಿ. ನುಡಿ ಕಡತಗಳಿದ್ದರೆ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನೂ ತಗೊಳ್ಳಿ. ಫಾಂಟ್ ಇಲ್ಲದೆ ಆ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತೆ.

ಒಂದೇ ಪ್ರಶ್ನೆ: ಮೊದಲು ಓಡ್ತಿತ್ತಾ?

ಓಡ್ತಿತ್ತು ಅಂದರೆ, ಪ್ರೋಗ್ರಾಂ ಸರಿಯಾಗಿಯೇ ಇರಬಹುದು, ಅದರ ಸುತ್ತಲಿನದ್ದು ಏನೋ ಬದಲಾಗಿದೆ. ಏನು ಬದಲಾಯಿತು ಅಂತ ಹುಡುಕಬೇಕು. ಯಾವತ್ತೂ ಓಡಿಲ್ಲ ಅಂದರೆ, ಆ ಪ್ರೋಗ್ರಾಂ ಈ ವಿಂಡೋಸ್‌ಗೆ ಹೊಂದುತ್ತದೆಯೇ ಅಂತ ನೋಡಬೇಕು. ಎರಡೂ ಬೇರೆ ಬೇರೆ ದಾರಿ. ನಮ್ಮ ನಾಲ್ಕು ಕಂಪ್ಯೂಟರುಗಳಲ್ಲಿ ಮೂರು ಮೊದಲನೇ ಗುಂಪಿನವು.

ಕಂಪ್ಯೂಟರ್ 1: ಸಿಡಿ ಒಳಗಿದ್ದರೂ "ಸಿಡಿ ಹಾಕಿ" ಅನ್ನುತ್ತಿತ್ತು. ಪಾಠದ ಫೋಲ್ಡರನ್ನು ಯಾರೋ ಬೇರೆ ಕಂಪ್ಯೂಟರಿನಿಂದ ಹಾಗೇ ನಕಲು ಮಾಡಿ ಹಾಕಿದ್ದರು. ಅಲ್ಲಿ ಸಿಡಿ ಡ್ರೈವಿನ ಅಕ್ಷರ ಡಿ, ಇಲ್ಲಿ ಇ. ಕೆಲವು ಹಳೇ ಪ್ರೋಗ್ರಾಂಗಳು ಈ ವಿಳಾಸವನ್ನು ತಮ್ಮ ಫೋಲ್ಡರಿನಲ್ಲೇ ಒಂದು ಐಎನ್ಐ ಕಡತದಲ್ಲಿ ಬರೆದಿಟ್ಟುಕೊಂಡಿರುತ್ತವೆ. ಆ ಕಡತದ ನಕಲು ಇಟ್ಟುಕೊಂಡು, ನೋಟ್‌ಪ್ಯಾಡಿನಲ್ಲಿ ತೆರೆದು, ಡಿ ಇದ್ದ ಕಡೆ ಇ ಮಾಡಿದೆ. ಅಷ್ಟೇ, ಓಡಿತು.

ಕಂಪ್ಯೂಟರ್ 2: ಕನ್ನಡದ ಜಾಗದಲ್ಲಿ ಬರೀ ಚೌಕಗಳು. ಇದು ನುಡಿಯ ಕಲಸುಮೇಲೋಗರ ಅಲ್ಲ ಅನ್ನೋದು ಗಮನಿಸಿ. ಚೌಕ ಕಂಡರೆ ಪಠ್ಯ ಯೂನಿಕೋಡ್‌ನಲ್ಲಿದೆ, ತೋರಿಸುವ ವ್ಯವಸ್ಥೆ ಇಲ್ಲ ಅಂತ ಅನುಮಾನಿಸಬೇಕು. ಎಕ್ಸ್‌ಪಿ ಜೊತೆಗೆ ತುಂಗಾ ಅನ್ನುವ ಕನ್ನಡ ಫಾಂಟ್ ಬರುತ್ತೆ, ಆದರೆ ಭಾರತೀಯ ಲಿಪಿಗಳ ಬೆಂಬಲವನ್ನು ನಾವೇ ಹಾಕಿಕೊಳ್ಳಬೇಕು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್ ತೆರೆದು, ಲ್ಯಾಂಗ್ವೇಜಸ್ ಟ್ಯಾಬಿನಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತ ಇರುವ ಮೊದಲನೇ ಚೌಕಕ್ಕೆ ಟಿಕ್ ಹಾಕಿ. ವಿಂಡೋಸ್ ಸಿಡಿ ಕೇಳಬಹುದು, ಕೈಯಲ್ಲಿರಲಿ. ರೀಸ್ಟಾರ್ಟ್ ಆದ ಮೇಲೆ ಅಕ್ಷರ ಬಂತು, ಒತ್ತಕ್ಷರವೂ ಸರಿಯಾಗಿ ಕೂತಿತು.

ಕಂಪ್ಯೂಟರ್ 3: ಪರವಾನಗಿ ಸರಿಯಿಲ್ಲ ಅಂತ ಸಂದೇಶ. ಮೂಲೆಯ ಗಡಿಯಾರ ನೋಡಿದರೆ 2003ನೇ ಇಸವಿ! ಮದರ್‌ಬೋರ್ಡಿನ ಮೇಲಿನ ಬಟನ್ ಸೆಲ್ ಸತ್ತಿತ್ತು. ಸಿಆರ್2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಸಿಗುತ್ತೆ. ಪವರ್ ವೈರ್ ಪೂರ್ತಿ ತೆಗೆದು, ಸೆಲ್ ಬದಲಿಸಿ, ತಾರೀಖು ಸರಿ ಮಾಡಿದ ಮೇಲೆ ತಕರಾರು ನಿಂತಿತು.

ಕಂಪ್ಯೂಟರ್ 4: ಯಾವತ್ತೂ ಓಡದ ಹೊಸ ಸಾಫ್ಟ್‌ವೇರ್. "ನಾಟ್ ಎ ವ್ಯಾಲಿಡ್ ವಿನ್32 ಅಪ್ಲಿಕೇಶನ್" ಅನ್ನುತ್ತಿತ್ತು. ಈ ಸಂದೇಶಕ್ಕೆ ಮುಖ್ಯವಾಗಿ ಮೂರು ಕಾರಣ: ಕಡತ ಅರ್ಧಂಬರ್ಧ ನಕಲಾಗಿರಬಹುದು, 64 ಬಿಟ್‌ನದ್ದಾಗಿರಬಹುದು, ಇಲ್ಲವೇ ಎಕ್ಸ್‌ಪಿಗಿಂತ ಹೊಸ ವಿಂಡೋಸ್‌ಗೆಂದೇ ಕಟ್ಟಿದ್ದಾಗಿರಬಹುದು. ಮತ್ತೆ ನಕಲು ಮಾಡಿ ನೋಡಿದೆ, ಆಗಲಿಲ್ಲ. ಅದು 64 ಬಿಟ್‌ನದ್ದೇ ಆಗಿತ್ತು. ಇಂಥ ಕಡೆ ಸೆಟ್ಟಿಂಗ್ ತಿರುವಿ ಪ್ರಯೋಜನವಿಲ್ಲ, ಅದೇ ಸಾಫ್ಟ್‌ವೇರಿನ ಹಳೇ 32 ಬಿಟ್ ಆವೃತ್ತಿ ಹುಡುಕಬೇಕು. ಡಿಎಲ್ಎಲ್ ಕಡತ ಇಲ್ಲ ಅಂತ ಸಂದೇಶ ಬಂದಾಗಲೂ ಕಂಡಕಂಡ ಕಡೆಯಿಂದ ತಂದು ಹಾಕಬೇಡಿ, ಜೊತೆಗೆ ವೈರಸ್ಸೂ ಬರುತ್ತೆ.

ಇನ್ನೆರಡು ಸಾಮಾನ್ಯ ಕಾಯಿಲೆ

ಮೇಷ್ಟ್ರು ತೆರೆದರೆ ಓಡುತ್ತೆ, ಮಕ್ಕಳು ತೆರೆದರೆ ಓಡಲ್ಲ ಅಂದರೆ ಅದು ಅನುಮತಿಯ ತೊಂದರೆ. ಹಳೇ ಪ್ರೋಗ್ರಾಂಗಳು ಅಂಕ, ಹೆಸರು ಎಲ್ಲವನ್ನೂ ಪ್ರೋಗ್ರಾಂ ಫೈಲ್ಸ್ ಒಳಗೇ ಬರೆಯಲು ಹೋಗುತ್ತವೆ. ಮಕ್ಕಳ ಲಿಮಿಟೆಡ್ ಅಕೌಂಟಿಗೆ ಅಲ್ಲಿ ಬರೆಯುವ ಹಕ್ಕಿಲ್ಲ. ಎಲ್ಲರನ್ನೂ ಅಡ್ಮಿನಿಸ್ಟ್ರೇಟರ್ ಮಾಡಬೇಡಿ, ಆ ಒಂದು ಫೋಲ್ಡರಿಗೆ ಮಾತ್ರ ಬರೆಯುವ ಹಕ್ಕು ಕೊಡಿ.

ವಿಂಡೋಸ್ 98 ಕಾಲದ ಸಿಡಿಯಲ್ಲಿ ಬಣ್ಣ ಕೆಟ್ಟು ಕಂಡರೆ, ಪ್ರೋಗ್ರಾಂ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಟ್ಯಾಬಿಗೆ ಹೋಗಿ. ಮೊದಲು ವಿಂಡೋಸ್ 98 ಆರಿಸಿ ನೋಡಿ. ಆಗದಿದ್ದರೆ 256 ಬಣ್ಣಕ್ಕೆ ಟಿಕ್ ಹಾಕಿ.

"ಮೊದಲು ಇದು, ಆಗದಿದ್ದರೆ ಅದು" ಅಂತ ಬರೆದಿದ್ದಕ್ಕೆ ಕಾರಣ ಇದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಒಟ್ಟಿಗೆ ಮಾಡಿ ಅದು ಓಡಿದರೆ, ಯಾವುದರಿಂದ ಓಡಿತು ಅಂತ ಗೊತ್ತಾಗಲ್ಲ. ಮುಂದಿನ ಕಂಪ್ಯೂಟರಿಗೆ ಮತ್ತೆ ಮೊದಲಿಂದ ಶುರು. ಒಂದು ನೋಟ್‌ಬುಕ್ಕಿನಲ್ಲಿ ಸಂದೇಶವನ್ನು ಇದ್ದಂತೆಯೇ ಬರೆದು, ಏನು ಬದಲಿಸಿದಿರಿ, ಏನಾಯಿತು ಅಂತ ಗುರುತು ಹಾಕಿಕೊಳ್ಳಿ.

ಕೊನೆಗೊಂದು ಎಚ್ಚರಿಕೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಪಾಠಕ್ಕೆ ಬಳಸಿ, ಆದರೆ ಇಂಟರ್‌ನೆಟ್‌ಗೆ ಜೋಡಿಸಬೇಡಿ.

ಆ ನೋಟ್‌ಬುಕ್ ಈಗ ಶಾಲೆಯ ಲ್ಯಾಬಿನಲ್ಲೇ ಇದೆ. ಪ್ರಶ್ನೆಪತ್ರಿಕೆಗಳ ಎರಡು ನಕಲು ಆಗಿದೆ, ಒಂದು ಮೇಷ್ಟ್ರ ಮನೆಯಲ್ಲಿ, ಒಂದು ಬೀರುವಿನಲ್ಲಿ. ನಾಲ್ಕನೇ ಕಂಪ್ಯೂಟರಿಗೆ ಹಳೇ ಆವೃತ್ತಿ ಇನ್ನೂ ಸಿಕ್ಕಿಲ್ಲ, ಹುಡುಕ್ತಾ ಇದ್ದೀನಿ. ನಿಮ್ಮೂರಿನ ಶಾಲೆಯಲ್ಲೂ ಇಂಥ ಲ್ಯಾಬ್ ಇದ್ದರೆ, ಮುಂದಿನ ರಜೆಗೆ ಒಂದು ಪೆನ್‌ಡ್ರೈವ್, ಒಂದು ಬಟನ್ ಸೆಲ್ ಜೇಬಿನಲ್ಲಿಟ್ಟುಕೊಂಡು ಹೋಗಿ ಬನ್ನಿ.