ಎಷ್ಟು ಟನ್?

ವೈಶಾಖದ ನಡುಹಗಲಿನಲ್ಲಿ ಕಲಬುರಗಿಯ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸನ್ನು ಮೀರುವುದುಂಟು. ಮನೆಯಲ್ಲಿಯೇ ಕುಳಿತು ಮೋಟಾರುಗಳಿಗೆ ತಂತಿ ಸುತ್ತುವವನ ಬೆವರು ಆಗ ಕೆಲಸದ ಮೇಲೆಯೇ ತೊಟ್ಟಿಕ್ಕುತ್ತದೆ. ಅವನು ಹವಾನಿಯಂತ್ರಣ ಯಂತ್ರವನ್ನು ಕೊಳ್ಳಹೋದರೆ ಅಂಗಡಿಯವನ ಮೊದಲ ಪ್ರಶ್ನೆ, ‘ಎಷ್ಟು ಟನ್?’ ಎಂಬುದು.

ಈ ಟನ್ ಯಂತ್ರದ ತೂಕವಲ್ಲ. ಮಂಜುಗಡ್ಡೆಯಿಂದ ತಂಪು ಪಡೆಯುತ್ತಿದ್ದ ಕಾಲದ ಅಳತೆ. ಸೊನ್ನೆ ಡಿಗ್ರಿಯ ಸುಮಾರು 907 ಕಿಲೋಗ್ರಾಂ ಮಂಜುಗಡ್ಡೆಯು 24 ಗಂಟೆಗಳಲ್ಲಿ ಕರಗಿ ನೀರಾಗುವಾಗ ಹೀರುವಷ್ಟು ಶಾಖವನ್ನು, ಅಷ್ಟೇ ಅವಧಿಯಲ್ಲಿ ಕೋಣೆಯಿಂದ ಹೊರಹಾಕುವ ಯಂತ್ರವು ಒಂದು ಟನ್ನಿನದು. ಶಾಖದ ಲೆಕ್ಕದಲ್ಲಿ ಅದು ಸುಮಾರು 3,500 ವಾಟ್.

ಆದುದರಿಂದ ಕೋಣೆಯ ಉದ್ದಗಲಗಳನ್ನು ಅಳೆದರಷ್ಟೇ ಸಾಲದು, ಶಾಖವನ್ನೂ ಎಣಿಸಬೇಕು. ಕಮಲಾಪುರದಂಥ ಊರಿನ ಹಳೆಯ ಮನೆಯ ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆಗಳು ಬಿಸಿಲನ್ನು ಬಹಳ ಹೊತ್ತು ತಡೆಯುತ್ತವೆ. ನಗರದ ಮೇಲುಮಹಡಿಯ ಕಾಂಕ್ರೀಟ್ ಚಾವಣಿಯಾದರೋ ಸಂಜೆ ಕಳೆದರೂ ಕಾವನ್ನು ಇಳಿಸುತ್ತಲೇ ಇರುತ್ತದೆ. ಒಳಗೆ ಒಂದು ಅಶ್ವಶಕ್ತಿಯ ಮೋಟಾರು ಪೂರ್ಣ ಭಾರದಲ್ಲಿ ಓಡಿದರೆ ಕೂಡುವ ಶಾಖ 746 ವಾಟಿಗೂ ಹೆಚ್ಚು. ದುಡಿಯುವವನ ಮೈಯಿಂದಲೇ ನೂರು ವಾಟ್ ಮೀರುತ್ತದೆ!

ಹಾಗೆಂದು ಅತಿ ದೊಡ್ಡದನ್ನು ತಂದರೆ ಅದು ಬೇಗನೆ ತಂಪುಮಾಡಿ ನಿಂತುಬಿಡುತ್ತದೆ. ಮಳೆಗಾಲದ ತೇವ ಗಾಳಿಯಲ್ಲಿಯೇ ಉಳಿದು ಉಪಕರಣಗಳಿಗೆ ತುಕ್ಕು ಹಿಡಿಯುತ್ತದೆ. ಚಿಕ್ಕದು ಬಿಡುವಿಲ್ಲದೆ ಓಡಿಯೂ ಸೋಲುತ್ತದೆ. ಕೊಳ್ಳುವ ಮುನ್ನ ಚಾವಣಿಗೆ ಸುಣ್ಣ ಬಳಿದು, ಪಡುವಣ ಕಿಟಕಿಗೆ ನೆರಳು ಕಟ್ಟಿ, ಮತ್ತೊಮ್ಮೆ ಎಣಿಸಿ ನೋಡಿರಿ. ಅರ್ಧ ಟನ್ ಅಲ್ಲಿಯೇ ಉಳಿದೀತು.